ಎತ್ತಿಗೆ ಸೋಮವಾರ, ಅವನಿಗೆ ಐತವಾರ

ಹೋದ ವಾರ ಅವ್ವನ ಟ್ರಂಕು ತೆಗೆದೆ. ಹಾನಗಲ್ಲಿಗೆ ಕೊಟ್ಟಿರುವ ತಂಗಿಯ ಮಗಳಿಗೆ ಅಜ್ಜಿಯ ಇಳಕಲ್ ಸೀರೆಯೇ ಬೇಕಂತೆ, ಕಾಲೇಜಿನಲ್ಲಿ ಏನೋ ಕಾರ್ಯಕ್ರಮ. ಮುಚ್ಚಳ ಎತ್ತಿದ್ದೇ ತಡ, ಡಾಂಬರ್ ಗುಳಿಗೆಯ ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು. ಬಟ್ಟೆಗೆ ನುಸಿ ಹತ್ತದಿರಲಿ ಅಂತ ಇಡುತ್ತಾರಲ್ಲ, ಆ ಬಿಳಿ ಗುಳಿಗೆ. ಉಳಿದವರಿಗೆ ಆ ವಾಸನೆಗೆ ಅಜ್ಜಿಯೋ ಮದುವೆ ಸೀರೆಯೋ ನೆನಪಾಗುತ್ತದೆ. ನನಗೆ ನೆನಪಾದದ್ದು ಟ್ರ್ಯಾಕ್ಟರ್. ನಗಬೇಡಿ. ನಮ್ಮ ಟ್ರ್ಯಾಕ್ಟರಿನ ಡ್ರೈವರಣ್ಣ ಆರು ದಿನ ಡೀಸೆಲ್ ವಾಸನೆ ಹೊಡೆಯುತ್ತಿದ್ದ, ಏಳನೆಯ ದಿನ ಡಾಂಬರ್ ಗುಳಿಗೆಯ ವಾಸನೆ ಹೊಡೆಯುತ್ತಿದ್ದ. ಭಾನುವಾರ, ನಮ್ಮ ಮಾತಲ್ಲಿ ಐತವಾರ, ತೊಡುವ ಒಂದೇ ಒಂದು ಬಿಳಿ ಅಂಗಿಯನ್ನು ವಾರವಿಡೀ ಟ್ರಂಕಿನಲ್ಲಿ ಗುಳಿಗೆಯ ಜೊತೆ ಮಡಚಿ ಇಡುತ್ತಿದ್ದ.

ಸೀರೆ ಹುಡುಕುವುದು ಬಿಟ್ಟು ಟ್ರಂಕಿನ ಮುಂದೆ ಹಾಗೇ ಕೂತುಬಿಟ್ಟೆ...

ಹದಿನೆಂಟು ವರ್ಷದ ಹಿಂದಿನ ಮಾತು. ಅಪ್ಪನಿಗೆ ಲಕ್ವಾ ಹೊಡೆದು ಬಲಗಡೆ ಕೈಕಾಲು ಬಿದ್ದುಹೋಗಿದ್ದವು. ನಾಲಗೆಯೂ ಅರ್ಧ ಹೊರಳುತ್ತಿತ್ತು. ದುಂಡಸಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮಂಚ ಹಾಕಿ ಮಲಗಿಸಿದ್ದೆವು. ಗಂಡುಮಕ್ಕಳಿಲ್ಲದ ಮನೆ. ನನಗೆ ಆಗ ಇಪ್ಪತ್ತಾರು. ಶಿಗ್ಗಾಂವಿಯಲ್ಲಿ ಬಿ.ಎ. ಮುಗಿಸಿ ಬಂದು ಕೂತಿದ್ದೆ, ಮದುವೆಯ ಮಾತು ಎರಡು ಕಡೆ ಮುರಿದಿತ್ತು. ಆ ಕಥೆ ಇಲ್ಲಿ ಬೇಡ. ಅಪ್ಪನ ತಮ್ಮ, ನಮ್ಮ ಕಾಕಾ, ವಾರಕ್ಕೊಮ್ಮೆ ಬಂದು ಮಂಚದ ಪಕ್ಕ ಕೂತು, ಎಂಟು ಎಕರೆ ಕಪ್ಪು ಮಣ್ಣಿನ ಎರೆಹೊಲ ತನಗೆ ಪಾಲಿಗೆ ಬಿಡಿರೆಂದು ಮೆತ್ತಗೆ ಹೇಳಿ ಹೋಗುತ್ತಿದ್ದ. ಒಮ್ಮೆ ಮೆತ್ತಗೆ ಹೇಳುವುದನ್ನೂ ಬಿಟ್ಟ.

"ಹೆಣ್ಣ ಹುಡುಗಿ ಒಕ್ಕಲುತನ ಮಾಡಿದ್ರ ಊರ ನಗತೈತಿ, ವೈನಿ."

ಅವ್ವ ಕಸ ಗುಡಿಸುತ್ತಿದ್ದವಳು ಕಸಬರಿಗೆ ಹಿಡಿದೇ ನಿಂತಳು. "ಈ ಒಂದ ಮುಂಗಾರಿ ನೋಡೂಣು. ಬಿತ್ತಿಗಿ ತಪ್ಪಿದ್ರ ಹೊಲ ನಿನಗ, ತೊಗೊಂಡ ಹೋಗು" ಅಂದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೂ ನಾನು ಅದನ್ನೇ ಅನ್ನುತ್ತಿದ್ದೆ, ಆ ಮಾತು ಬೇರೆ. ಅಂದಿನಿಂದ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಬಿತ್ತನೆ ತಪ್ಪಬಾರದು.

ಡ್ರೈವರಣ್ಣನನ್ನು ಕೆಲಸಕ್ಕಿಟ್ಟವನು ಅಪ್ಪ. ಲಕ್ವಾ ಹೊಡೆಯುವ ಹಿಂದಿನ ವರ್ಷ ಒಂದು ಜೋಡಿ ಎತ್ತು ಮಾರಿ ಟ್ರ್ಯಾಕ್ಟರ್ ತಂದಿದ್ದ, ಇನ್ನೊಂದು ಜೋಡಿ ಉಳಿಸಿಕೊಂಡಿದ್ದ. ಇವನು ಹಿರೇಕೆರೂರ ಕಡೆಯವನು, ಹಂಸಭಾವಿಯ ಸಮೀಪ. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ದನದ ಕೊಟ್ಟಿಗೆಯ ಪಕ್ಕದ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದೆವು. ಬಂದ ದಿನ ಅಪ್ಪನ ಮುಂದೆ ಕೈಕಟ್ಟಿ ನಿಂತು ಒಂದೇ ಕರಾರು ಹೇಳಿದ.

"ಯಜಮಾನ್ರ, ನಾವು ಕಿರಿಸ್ತಾನ್ರು. ಐತವಾರ ಒಂದ ಬಿಟ್ಟಬಿಡ್ರಿ. ಉಳದ ಆರ ದಿನ ಯಾವ ಹೊತ್ತಿನ್ಯಾಗ ಕರದ್ರೂ ಬರ್ತೇನಿ."

ನಮ್ಮ ಕಡೆ ಸೋಮವಾರ ಯಾವ ಒಕ್ಕಲಿಗನೂ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಎತ್ತಿನ ಮೈ ತೊಳೆದು, ಮೇವು ಹಾಕಿ, ಕಟ್ಟಿದಲ್ಲೇ ಬಿಡುತ್ತಾರೆ. ಹೊಲ ಹೊತ್ತಿ ಉರಿಯುತ್ತಿದ್ದರೂ ನೊಗ ಮುಟ್ಟುವುದಿಲ್ಲ. ಅಪ್ಪ ಅದನ್ನೇ ನೆನೆದು ನಕ್ಕ. "ನಮ್ಮ ಎತ್ತಿಗಿ ಸೋಮಾರ, ನಿನಗ ಐತವಾರ. ಆತು ಬಿಡಪಾ." ಅಲ್ಲಿಗೆ ಆ ಮಾತು ಮುಗಿಯಿತು. ನಾನು ಬಾಗಿಲಲ್ಲಿ ನಿಂತು ಕೇಳಿದ್ದೆ, ಆದರೆ ಕಿವಿಗೆ ಹಾಕಿಕೊಂಡಿರಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅವನು ನನಗಿಂತ ಹದಿನೈದು ವರ್ಷವಾದರೂ ದೊಡ್ಡವನು. ಆದರೂ ಮನೆಯವರೆಲ್ಲ ಅವನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆವು, ಅವನು ನನಗೆ 'ಅಕ್ಕಾರ' ಅನ್ನುತ್ತಿದ್ದ. ಈಗ ಬರೆಯುವಾಗ 'ಅವರು' ಎಂದು ಬರೆಯಲು ಕೈ ಹೋಗುತ್ತದೆ. ಹಾಗೆ ಬರೆದರೆ ಆಗಿನ ನನ್ನನ್ನು ಒಳ್ಳೆಯವಳನ್ನಾಗಿ ತೋರಿಸಿದಂತೆ ಆಗುತ್ತದೆ, ಅದಕ್ಕೇ ಬೇಡ.

ಅವರ ಸಂಸಾರ ಎಷ್ಟು ಸಣ್ಣದು ಅಂದರೆ, "ಒಂದ ಚೀಲದಾಗ ಹಿಡಿತೈತಿ ಇವರ ಮನಿ" ಎಂದು ಅವ್ವ ನಗುತ್ತಿದ್ದಳು. ಎರಡು ಜೊತೆ ಖಾಕಿ, ಒಂದು ಬಿಳಿ ಅಂಗಿ, ನಾಲ್ಕು ಪಾತ್ರೆ, ಗೋಡೆಯ ಮಾಡದಲ್ಲಿ ಕರಿ ರಟ್ಟಿನ ಒಂದು ಪುಸ್ತಕ. ದೀಪಾವಳಿಗೆ ಅಪ್ಪ ಅವನಿಗೊಂದು ಹೊಸ ಜೊತೆ ಬಟ್ಟೆ ಹೊಲಿಸಿಕೊಟ್ಟರೆ, ಎರಡು ದಿನದಲ್ಲಿ ಅದು ಓಣಿಯ ಕೊನೆಯ ಮನೆಯ ಮುದುಕನ ಮೈಮೇಲಿತ್ತು. ನನಗೆ ಸಿಟ್ಟು ಬಂತು. ಕೊಟ್ಟದ್ದನ್ನು ಹಾಗೆ ದಾನ ಮಾಡುವುದು ನಮಗೆ ಮಾಡಿದ ಅವಮಾನ ಅಂತ ಕೂಗಾಡಿದೆ. ಅವನು ತಲೆ ಕೆರೆದುಕೊಂಡು, "ನನಗ ಎಲ್ಡ ಅದಾವಲ್ರಿ ಅಕ್ಕಾರ, ಮೂರನೇದು ಯಾವಾಗ ಹಾಕ್ಲಿ?" ಅಂದ. ಅವನು ನಿಜವಾಗಿಯೂ ಉತ್ತರ ಬೇಕು ಅಂತಲೇ ಕೇಳಿದ್ದ.

ಉಣ್ಣುವ ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದ. ರೊಟ್ಟಿಯ ಮುಂದೆ ಮಾಡಿದರೆ ಸರಿ ಅನ್ನಬಹುದು. ಒಮ್ಮೆ ರಂಟೆಯ ಕುಳ, ಅಂದರೆ ನೇಗಿಲ ಕಬ್ಬಿಣ, ಕಮ್ಮಾರನಲ್ಲಿ ಬಡಿಸಿ ಚೂಪು ಮಾಡಿಸಲು ಸವಣೂರಿಗೆ ಹೋದಾಗ ಕೈಗಾಡಿಯ ಮುಂದೆ ಚುರುಮುರಿಯ ಗಿರಮಿಟ್, ಮಿರ್ಚಿ ಭಜಿ ತೆಗೆದುಕೊಂಡೆವು. ಸುತ್ತ ಸಂತೆಯ ಗದ್ದಲ, ಇವನು ಕಾಗದದ ತಟ್ಟೆ ಹಿಡಿದು ತಲೆ ಬಗ್ಗಿಸಿ ನಿಂತುಬಿಟ್ಟ. ಮಿರ್ಚಿ ಆರಿಹೋಗುತ್ತಿದೆ, ಜನ ನೋಡುತ್ತಿದ್ದಾರೆ, ನನಗೆ ನಾಚಿಕೆ.

"ಮಿರ್ಚಿಗೂ ಪ್ರಾರ್ಥನಾ ಬೇಕೇನ ಅಣ್ಣಾ?"

"ಅನ್ನ ಕೊಟ್ಟಾವ ಬ್ಯಾರೆ, ಮಿರ್ಚಿ ಕೊಟ್ಟಾವ ಬ್ಯಾರೆ ಏನ್ರಿ ಅಕ್ಕಾರ? ಮ್ಯಾಲ ಇದು ಖಾರ ಐತಿ, ಎಲ್ಡ ಸಲ ಮಾಡೂದ ಛಲೋ."

ಐತವಾರದ ಅವನ ದಿನಚರಿ ನನಗೆ ಬಾಯಿಪಾಠವಾಗಿತ್ತು. ಬೆಳಿಗ್ಗೆ ಬೇಗ ಸ್ನಾನ, ಬಿಳಿ ಅಂಗಿ, ಹೆಂಡತಿಯ ಜೊತೆ ಶಿಗ್ಗಾಂವಿಯ ಬಸ್ಸು. ಅಲ್ಲಿ ಊರ ಹೊರಗೆ ತಗಡು ಹೊದಿಸಿದ ಒಂದು ಕೋಣೆಯಲ್ಲಿ ಅವರ ಪ್ರಾರ್ಥನೆ. ಒಮ್ಮೆ ಅದೇ ಬಸ್ಸಿಗೆ ಹೋಗಿದ್ದೆ, ಬ್ಯಾಂಕಿನ ಮೇನೇಜರನ ಮನೆಯಲ್ಲಿ ಕೆಲಸವಿತ್ತು. ಕುತೂಹಲ ತಡೆಯದೆ ಆ ಕೋಣೆಯ ಬಾಗಿಲಲ್ಲಿ ಹತ್ತು ನಿಮಿಷ ನಿಂತೆ. ಚಾಪೆಯ ಮೇಲೆ ಮೂವತ್ತು ಮಂದಿ, ಒಂದು ಹಾರ್ಮೋನಿಯಂ, ಒಂದು ಡೋಲಕಿ. ನಮ್ಮ ಮಠದ ಭಜನೆಗೂ ಅದಕ್ಕೂ ದೂರದಿಂದ ಕೇಳಿದರೆ ಫರಕು ಗೊತ್ತಾಗುತ್ತಿರಲಿಲ್ಲ. ಆರು ದಿನ ಬಾಯಿ ಬಿಡದ ನಮ್ಮ ಡ್ರೈವರಣ್ಣ ಅಲ್ಲಿ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಬೇಸುರವಾಗಿ ಹಾಡುತ್ತಿದ್ದ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಆದರೆ ಅವನ ಮುಖದಲ್ಲಿ ಆಗ ಇದ್ದ ಕಳೆಯನ್ನು ನಾನು ನಮ್ಮ ಮನೆಯಲ್ಲಿ ಯಾರ ಮುಖದಲ್ಲೂ ಕಂಡಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ತಿರುಗಿ ಬಂದು ಕೊಟ್ಟಿಗೆಯ ಮುಂದಿನ ಕಟ್ಟೆಯ ಮೇಲೆ ಕೂಡುತ್ತಿದ್ದ. ಕೂಡುತ್ತಿದ್ದ ಅಷ್ಟೇ. ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ, ಟ್ರ್ಯಾಕ್ಟರಿನ ಕಡೆ ತಿರುಗಿಯೂ ನೋಡುವುದಿಲ್ಲ. ಕಾಲು ಚಾಚಿ ಓಣಿ ನೋಡುತ್ತ ಕೂಡುವುದು. ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಿದರೆ ನನ್ನ ಮೈ ಉರಿಯುತ್ತಿತ್ತು. ನಮ್ಮದು ಕಾಯಕ ಅಂದರೆ ಪ್ರಾಣ ಬಿಡುವ ಮನೆತನ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಮಾತು ಕೇಳಿಕೊಂಡೇ ಬೆಳೆದವಳು ನಾನು. ಒಂದು ದಿನ ಹೋಗಿ ಕೇಳಿಯೇಬಿಟ್ಟೆ.

"ಏನ ಮಾಡಾಕತ್ತಿ ಅಣ್ಣಾ?"

"ಏನಿಲ್ರಿ. ಕುಂತೇನಿ."

"ಸುಮ್ನ?"

"ಸುಮ್ನರಿ. ಆರ ದಿನ ನಾ ಹೊಲಾ ಹದಾ ಮಾಡ್ತೇನಿ. ಏಳನೇ ದಿನ ದೇವ್ರು ನನ್ನ ಹದಾ ಮಾಡ್ತಾನ. ನಡುವ ಕೈ ಹಾಕಬಾರ್ದು."

ಇದೆಲ್ಲ ಮೈಗಳ್ಳರ ಮಾತು ಅಂದುಕೊಂಡು ಒಳಗೆ ಬಂದೆ. ಆದರೆ ಪೂರ್ತಿ ಮೈಗಳ್ಳ ಅನ್ನಲೂ ಬರುತ್ತಿರಲಿಲ್ಲ. ಹೊತ್ತು ಇಳಿದ ಮೇಲೆ ಬಿಸಿನೀರು, ರೇಜರು, ಸೋಪು ತೆಗೆದುಕೊಂಡು ಪಡಸಾಲೆಗೆ ಬರುತ್ತಿದ್ದ. ಅಪ್ಪನನ್ನು ಎಬ್ಬಿಸಿ ಗೋಡೆಗೆ ಒರಗಿಸಿ, ಗಲ್ಲಕ್ಕೆ ನೊರೆ ಹಚ್ಚಿ, ಬಿದ್ದುಹೋದ ಬಲಗಡೆಯ ಕೆನ್ನೆಯನ್ನು ಹೆಬ್ಬೆರಳಿನಿಂದ ಎಳೆದು ಹಿಡಿದು ಮೆಲ್ಲಗೆ ಗಡ್ಡ ತೆಗೆಯುತ್ತಿದ್ದ. ಅಪ್ಪನ ಬಾಯಿಂದ ಜೊಲ್ಲು ಇಳಿದರೆ ತನ್ನ ಟವಲಿನಿಂದ ಒರೆಸುತ್ತಿದ್ದ. ಒಂದು ತಾಸು ಇಬ್ಬರೂ ಏನೇನೋ ಮಾತಾಡುತ್ತಿದ್ದರು. ಅಪ್ಪನ ತೊದಲು ನಮಗೇ ಅರ್ಥವಾಗುತ್ತಿರಲಿಲ್ಲ, ಅವನಿಗೆ ಅರ್ಥವಾಗುತ್ತಿತ್ತು. "ಇದು ಕೆಲಸ ಅಲ್ಲೇನ, ಐತವಾರ ಯಾಕ ಮಾಡ್ತಿ?" ಎಂದು ನಾನು ಕುಟುಕಿದರೆ, "ಇದು ಕೆಲಸ ಅಲ್ರಿ" ಎಂದಷ್ಟೇ ಅನ್ನುತ್ತಿದ್ದ.

ಆ ಬೇಸಿಗೆಯಲ್ಲಿ ಅವನಿಗೆ ಒಂದು ಹುಚ್ಚು ಹತ್ತಿತು, ನನಗೆ ಟ್ರ್ಯಾಕ್ಟರ್ ಕಲಿಸಬೇಕು ಅಂತ. ನನಗದು ಬೇಕಿರಲಿಲ್ಲ. ಸಾಕಷ್ಟು ನಗೆಪಾಟಲಾಗಿದ್ದೆ. ಆದರೆ ಅವನು ಬಿಡಲಿಲ್ಲ, "ಮಾಲಕರಿಗೆ ಗಾಡಿ ಗೊತ್ತಿರಬೇಕ್ರಿ" ಅಂತ ದಿನಾ ಸಂಜೆ ಖಾಲಿ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದ. ನಾನು ಕುಳ್ಳಿ. ಸೀಟಿನಲ್ಲಿ ಕೂತರೆ ಕಾಲು ಕ್ಲಚ್ಚಿಗೆ ಎಟಕುತ್ತಿರಲಿಲ್ಲ. ಅದಕ್ಕೆ ಒಂದು ಗೋಣಿಚೀಲ ಮಡಚಿ ಸೀಟಿನ ಬೆನ್ನಿಗೆ ಕಟ್ಟುತ್ತಿದ್ದ, ತಾನು ಹೊಡೆಯುವಾಗ ಬಿಚ್ಚಿ ಇಡುತ್ತಿದ್ದ. ನಾನು ಹೊಡೆದ ಸಾಲು ಹಾವು ಹರಿದಂತೆ ಇರುತ್ತಿತ್ತು. "ಗಾಲಿ ನೋಡಬ್ಯಾಡ್ರಿ ಅಕ್ಕಾರ, ಬದುವಿನ ಬೇವಿನ ಗಿಡಾ ನೋಡ್ರಿ" ಅನ್ನುತ್ತಿದ್ದ. ಎರಡು ತಿಂಗಳಲ್ಲಿ ಸಾಲು ನೆಟ್ಟಗಾಯಿತು. ಆಮೇಲೆ ಬಿತ್ತುವ ಕೂರಿಗೆ ಕಟ್ಟಿ ಬೀಜ ಇಲ್ಲದೆ ಹೊಡೆಯಿಸಿದ. ಕಲಿತದ್ದು ಉಪಯೋಗಕ್ಕೆ ಬಂದೀತು ಅಂತ ನನಗೆ ಅನಿಸಲೇ ಇಲ್ಲ. ಡ್ರೈವರ್ ಇದ್ದಾನಲ್ಲ, ನನಗೇಕೆ ಅಂತ.

ಆ ವರ್ಷ ಮಿರಗ, ಅಂದರೆ ಮೃಗಶಿರೆಯ ಮಳೆ, ತಡವಾಗಿ ಬಂತು. ಬುಧವಾರ, ಗುರುವಾರ ಎರಡೂ ದಿನ ಹೊಡೆಯಿತು. ಎರೆಹೊಲದ ಸಂಗತಿ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಹಸಿ ಇದ್ದರೆ ಗಾಲಿಗೆ ಮೆತ್ತುತ್ತದೆ, ಒಣಗಿದರೆ ಕಲ್ಲಾಗುತ್ತದೆ, ನಡುವೆ ಸಿಗುವ ಒಂದೆರಡು ದಿನವೇ ಹದ. ಶುಕ್ರವಾರ, ಶನಿವಾರ ಬಿಸಿಲು ಬಿತ್ತು. ಐತವಾರ ಬೆಳಿಗ್ಗೆ ಹೊಲಕ್ಕೆ ಹೋಗಿ ಮಣ್ಣು ಹಿಡಿದು ನೋಡಿದೆ, ಉಂಡೆ ಕಟ್ಟಿ ಬಿಟ್ಟರೆ ಉದುರುತ್ತಿತ್ತು. ಬಿತ್ತಿದರೆ ಇವತ್ತೇ ಬಿತ್ತಬೇಕು. ಪಡುವಣಕ್ಕೆ ಆಗಲೇ ಮತ್ತೆ ಮೋಡ ಎದ್ದಿತ್ತು. ಅಕ್ಕಪಕ್ಕದ ಹೊಲಗಳಲ್ಲೆಲ್ಲ ಗಾಡಿಗಳು ಇಳಿದಿದ್ದವು, ಬಾಡಿಗೆಗೆ ಒಬ್ಬ ಡ್ರೈವರನೂ ಸಿಗುವ ಹಾಗಿರಲಿಲ್ಲ. ಉಳಿದ ಒಂದು ಜೋಡಿ ಎತ್ತಿನಿಂದ ಒಂದೇ ದಿನದಲ್ಲಿ ಎಂಟು ಎಕರೆ ಆಗುವ ಮಾತಲ್ಲ. ಕಾಕಾ ನಮ್ಮ ಬದುವಿನ ಮೇಲೆ ಕೂತು ಎಲೆ ಹಾಕುತ್ತಿದ್ದ.

ಓಡುತ್ತಲೇ ಮನೆಗೆ ಬಂದೆ. ಅವನು ಬಿಳಿ ಅಂಗಿ ತೊಟ್ಟು ಹೆಂಡತಿಯ ಜೊತೆ ಬಸ್ಸಿಗೆ ಹೊರಟಿದ್ದ.

"ಅಣ್ಣಾ, ಇವತ್ತೊಂದ ದಿನ."

"ಇಲ್ರಿ ಅಕ್ಕಾರ. ನಾಳೆ ನಸಕಿನ್ಯಾಗ ಬರ್ತೇನಿ."

"ನಾಳೆ ಹದಾ ಇರತೈತೇನು? ಮ್ಯಾಲ ನೋಡು ಮೋಡ."

"ಗೊತ್ತೈತ್ರಿ. ಅಕ್ಕಾರ, ಗಾಡಿ ಎಲ್ಲಾ ತಯಾರ ಐತಿ, ನೀವ..."

"ಗಾಡಿ ತಯಾರ ಇದ್ದ ಏನ ಮಾಡೂದು? ಹೊಡಿಯಾವ ತಯಾರ ಇಲ್ಲಲ್ಲ!"

ಒಳಗೆ ಮಂಚದ ಮೇಲೆ ಅಪ್ಪ ಏನೋ ಉಲಿಯುತ್ತಿದ್ದ, ನಾನು ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಅವನು ನೆಲ ನೋಡುತ್ತ, "ಯಜಮಾನ್ರು ಮಾತ ಕೊಟ್ಟಾರ್ರಿ. ಎತ್ತಿಗಿ ಸೋಮಾರ, ನನಗ ಐತವಾರ ಅಂತ" ಅಂದ.

ಆಗ ನನ್ನ ಬಾಯಿಂದ ಆ ಮಾತು ಬಂತು. ಹದಿನೆಂಟು ವರ್ಷವಾದರೂ ಅಕ್ಷರ ಅಕ್ಷರ ನೆನಪಿದೆ.

"ಎತ್ತು ಎದುರ ಮಾತಾಡಂಗಿಲ್ಲ. ಎತ್ತಿನಷ್ಟರೆ ಉಪಯೋಗಕ್ಕ ಬಾ, ಆಮ್ಯಾಲ ರಜಾ ಕೇಳು. ಚಾವಿ ಕೊಟ್ಟ ಹೋಗು. ನಾಳೆನೂ ಬರಬ್ಯಾಡ, ನಾಡದೂ ಬರಬ್ಯಾಡ."

ಅವನ ಹೆಂಡತಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಆಚೆ ತಿರುಗಿದಳು. ಅವನು ಜೇಬಿನಿಂದ ಚಾವಿ ತೆಗೆದು, ನನ್ನ ಕೈಗೆ ಕೊಡಲು ಬಂದವನು, ನಾನು ಕೈ ಚಾಚದ್ದು ನೋಡಿ ಕಟ್ಟೆಯ ಮೇಲೆ ಇಟ್ಟ. ಬಸ್ಸಿನ ಹಾರ್ನು ಕೇಳುತ್ತಿತ್ತು. ಇಬ್ಬರೂ ನಡೆದು ಹೋದರು.

ನಾನೇ ಬಿತ್ತಿದೆ. ಕಟ್ಟೆಯ ಮೇಲಿನ ಚಾವಿ ಎತ್ತಿಕೊಂಡು ಶೆಡ್ಡಿಗೆ ಹೋಗಿ ಹತ್ತಿ ಕೂತೆ. ಡೀಸೆಲ್ ತುಂಬಿತ್ತು. ಕೂರಿಗೆ ಕಟ್ಟಿತ್ತು, ಆಳ ಸರಿಮಾಡಿತ್ತು, ಗೋವಿನಜೋಳದ, ಅಂದರೆ ಮೆಕ್ಕೆಜೋಳದ, ಬೀಜದ ಚೀಲ ಮೇಲೇರಿತ್ತು. ಸೀಟಿನ ಬೆನ್ನಿಗೆ ಗೋಣಿಚೀಲವೂ ಇತ್ತು. ಒರಗಿದೆ, ಕಾಲು ಕ್ಲಚ್ಚಿಗೆ ಎಟಕಿತು, ಹೊರಟೆ. ಹೊಲದಲ್ಲಿ ಅವ್ವ ಕೂರಿಗೆಯ ಹಿಂದೆ ಬೀಜ ಇಳಿಯುವುದನ್ನು ನೋಡುತ್ತ ನಡೆದಳು. ಮೊದಲ ನಾಲ್ಕು ಸಾಲು ಸೊಟ್ಟ. ಆಮೇಲೆ ಬೇವಿನ 'ಗಿಡಾ' ನೋಡಿದೆ, ಸಾಲು ಸರಿಹೋಯಿತು. ಹೊತ್ತು ಮುಳುಗುವ ಹೊತ್ತಿಗೆ ಎಂಟೂ ಎಕರೆ ಮುಗಿದಿತ್ತು. ಕಾಕಾ ಯಾವಾಗಲೋ ಎದ್ದು ಹೋಗಿದ್ದ.

ದೇವರು ನನಗೆ ಶಿಕ್ಷೆ ಕೊಟ್ಟ ಅಂತ ಬರೆದರೆ ಕಥೆ ಚೆಂದವಾದೀತು. ಕೊಡಲಿಲ್ಲ. ಸೋಮವಾರ ಮಧ್ಯಾಹ್ನ ಮೆತ್ತನೆಯ ಮಳೆ ಬಿತ್ತು, ಎಂಟನೆಯ ದಿನಕ್ಕೆ ಮೊಳಕೆ ಸಾಲುಸಾಲಾಗಿ ಎದ್ದಿತು. ಅಂಥ ಬೆಳೆಯನ್ನು ನಮ್ಮ ಹೊಲ ಆಮೇಲೆ ಕಂಡಿಲ್ಲ. ಹೊಲ ನಮ್ಮದಾಗಿಯೇ ಉಳಿಯಿತು. ಕಾಕಾ ಮತ್ತೆ ಪಾಲಿನ ಮಾತು ಎತ್ತಲಿಲ್ಲ. ಗಂಡಸಿನ ಕೈ ತಾಗಿಸದೆ ಒಂದೇ ದಿನದಲ್ಲಿ ಎಂಟು ಎಕರೆ ಬಿತ್ತಿದ ಹುಡುಗಿ ಅಂತ ಊರೆಲ್ಲ ಹೆಸರಾಯಿತು.

ಅವನು ಸೋಮವಾರ ಬೆಳಿಗ್ಗೆ ಬಂದಿದ್ದ. ಕೆಲಸ ಕೇಳಲು ಅಲ್ಲ. ಗಂಟು ಕಟ್ಟಿ ಹೆಂಡತಿಯನ್ನು ಹೊರಗೆ ನಿಲ್ಲಿಸಿ, "ಅಕ್ಕಾರ, ನಿನ್ನೆ ಯಜಮಾನ್ರ ಗಡ್ಡ ತಗಿಯೂದ ಉಳದೈತಿ. ತಗದ ಹೋಗ್ಲ್ಯಾ?" ಅಂದ. ನಾನು ಬಾಗಿಲು ಬಿಟ್ಟು ಸರಿದೆ. ಅವನೇ ನೀರು ಕಾಸಿಕೊಂಡ. ಯಾವತ್ತಿನ ಹಾಗೆಯೇ ನೊರೆ ಹಚ್ಚಿದ, ಕೆನ್ನೆ ಎಳೆದು ಹಿಡಿದ. ಅಪ್ಪನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅದನ್ನೂ ನೊರೆಯ ಜೊತೆಗೇ ಒರೆಸಿದ. ಎದ್ದು ಅಪ್ಪನ ಕಾಲು ಮುಟ್ಟಿ ಹೊರಗೆ ಬಂದು, "ಸಾಲ ಭಾಳ ನೆಟ್ಟಗ ಬಂದಾವ್ರಿ, ನೋಡಿ ಬಂದೆ" ಅಂತ ಹೇಳಿ ಹೋದ.

ಆ ಸಂಜೆ ಅಪ್ಪ ನನ್ನನ್ನು ಹತ್ತಿರ ಕರೆದ. ಒಂದು ವಾಕ್ಯ ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. "ಎತ್ತಿಗಿ ಕೊಟ್ಟದ್ದ... ಮನಷ್ಯಾಗ ಕೊಡಲಿಲ್ಲ ನೀ." ಮುಂದೆ ಒಂದೂವರೆ ತಿಂಗಳು ಯಾರಿಗೂ ಗಡ್ಡ ಮುಟ್ಟಗೊಡಲಿಲ್ಲ. ಕೊನೆಗೆ ನಾನೇ ಕಲಿತೆ. ಎರಡು ಸಲ ಕೆನ್ನೆ ಕೊಯ್ದೆ, ಅಪ್ಪ ಮುಖ ಆಚೆ ತಿರುಗಿಸಲಿಲ್ಲ.

ಆಮೇಲಿನದು ದುಡಿತದ ಕಥೆ. ಉಳಿದ ಜೋಡಿ ಎತ್ತನ್ನೂ ಎರಡು ವರ್ಷಕ್ಕೆ ಮಾರಿದೆ. ಎತ್ತು ಹೋದ ಮೇಲೆ ಸೋಮವಾರವೂ ಹೋಯಿತು; ಟ್ರ್ಯಾಕ್ಟರಿಗೆ ಬಸವಣ್ಣನ ದಿನ ಎಲ್ಲಿಯದು? ಏಳು ದಿನವೂ ಗಾಡಿ ಓಡಿತು, ಏಳು ದಿನವೂ ನಾನು ಓಡಿದೆ. ಡ್ರೈವರುಗಳು ಬಂದರು, ಹೋದರು. ಯಾರೂ ಐತವಾರ ಕೇಳಲಿಲ್ಲ, ಯಾರೂ ಒಂದು ವರ್ಷಕ್ಕಿಂತ ಹೆಚ್ಚು ನಿಲ್ಲಲೂ ಇಲ್ಲ. ಅಪ್ಪ ತೀರಿಕೊಂಡ ದಿನವೂ ಮಧ್ಯಾಹ್ನ ಮೂರು ಗಂಟೆಗೆ ಬೇರೆಯವರ ಹೊಲಕ್ಕೆ ಗಾಡಿ ಕಳಿಸಿದ್ದೆ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ.

ಎಂಟು ವರ್ಷದ ಹಿಂದೆ ಹಿರೇಕೆರೂರಿನ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದವಳು, ಮನಸ್ಸು ತಡೆಯದೆ ಹಂಸಭಾವಿಯ ಬಸ್ಸು ಹತ್ತಿದೆ. ಐತವಾರವೇ ಆಗಿತ್ತು. ಐತವಾರವಾದರೆ ಅವನು ಮನೆಯಲ್ಲೇ ಸಿಗುತ್ತಾನೆ ಅನ್ನುವುದು ನನ್ನ ಲೆಕ್ಕ. ಕೇಳುತ್ತ ಕೇಳುತ್ತ ಊರಾಚೆಯ ಎರಡು ಕೋಣೆಯ ಮನೆ ಸಿಕ್ಕಿತು. ಬಾಗಿಲಲ್ಲಿ ಅವನ ಹೆಂಡತಿ ಕೂತಿದ್ದಳು. ಹಣೆ ನೋಡಿ ಗೊತ್ತಾಗುವಂತಿಲ್ಲ, ಅವರಲ್ಲಿ ಕುಂಕುಮ ಇಡುವುದಿಲ್ಲ. ಒಳಗೆ ಹೋದ ಮೇಲೆ ಗೋಡೆಯ ಮೇಲೆ ಅವನ ಫೋಟೋ ಕಂಡಿತು. ಕಾಮಾಲೆಯಾಗಿ ತೀರಿಹೋಗಿ ಒಂದೂವರೆ ವರ್ಷವಾಗಿತ್ತಂತೆ.

"ಕುಂತ್ರಿ ಅಕ್ಕಾರ" ಎಂದು ಚಾಪೆ ಹಾಸಿದಳು. ಐತವಾರ ಒಲೆ ಹಚ್ಚುವ ರೂಢಿ ಇಲ್ಲವಂತೆ, ಶನಿವಾರ ಬಡಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕೊಟ್ಟಳು. ಆಮೇಲೆ ಸ್ಟೋವಿನ ಕಡೆ ನೋಡಿ, "ಚಾಕ್ಕ ಮಾಫಿ ಐತ್ರಿ, ಇವ್ರ ಮಾಡಿದ್ದ ಕಾಯ್ದೆ" ಎಂದು ನಕ್ಕು ಚಹಾಕ್ಕಿಟ್ಟಳು. ನಾನು ಉಣ್ಣಲಾರದೆ ತಟ್ಟೆ ಹಿಡಿದು ಕೂತಿದ್ದೆ. ತಪ್ಪಾಯಿತು ಅಂತ ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. "ಆವತ್ತ ನಾ ಹಂಗ ಅನಬಾರ್ದಿತ್ತವ್ವ" ಅಂದೆ, ಅಷ್ಟೇ.

"ಇವ್ರು ಸಿಟ್ಟ ಮಾಡಿದ್ದಿಲ್ರಿ. ಆವತ್ತ ಪ್ರಾರ್ಥನ್ಯಾಗ ಎದ್ದ ನಿಂತು, ನಮ್ಮ ಅಕ್ಕಾರು ಇವತ್ತ ಮೊದಲ್ನೇ ಸಲ ಬಿತ್ತಾಕತ್ತಾರ, ಎಲ್ಲಾರೂ ಪ್ರಾರ್ಥನಾ ಮಾಡ್ರಿ ಅಂತ ಕೇಳ್ಕೊಂಡ್ರು. ಕೆಲಸಾ ಹೋತು ಅಂತ ಅಲ್ಲಿ ಯಾರಿಗೂ ಹೇಳಲಿಲ್ಲ."

"ನಾ ಬಿತ್ತತೇನಿ ಅಂತ ಅವಗ ಹೆಂಗ ಗೊತ್ತು?"

ಅವಳು ನನ್ನ ಮುಖವನ್ನೇ ನೋಡಿದಳು. ನನಗೆ ಗೊತ್ತಿಲ್ಲ ಅನ್ನುವುದು ಅವಳಿಗೆ ಆಗಷ್ಟೇ ತಿಳಿದಂತಿತ್ತು.

"ಶನಿವಾರ ದೀಪಾ ಹಚ್ಚೂತನಕ ಗಾಡಿ ಹತ್ತರನ ಇದ್ರಲ್ರಿ. ನಾಳೆ ಅಕ್ಕಾರ ಹೊಡಿತಾರ, ಅವ್ರ ಗೋಣಿಚೀಲಾ ಕಟ್ಟಿ ಬಂದೇನಿ ಅಂದ್ರು. ಐತವಾರ ಹದಾ ಬಂದ್ರ ಅಕ್ಕಾರು ಕೈ ಕಟ್ಟಿ ಕೂಡಬಾರ್ದು ಅಂತನ ಬ್ಯಾಸಿಗ್ಯಾಗ ಕಲಿಸಿದ್ದು."

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಾಕ ಹತ್ತಿದ್ರಲ್ರಿ ಅಕ್ಕಾರ... ನೀವು ಬಿಡಲಿಲ್ಲ."

ಚಹಾ ಉಕ್ಕಿತು, ಅವಳು ಎದ್ದು ಹೋದಳು. ಬಿತ್ತಿದ ದಿನ ನಾನು ಆ ಗೋಣಿಚೀಲಕ್ಕೆ ಒರಗಿ ಇಡೀ ಹೊತ್ತು ಕೂತಿದ್ದೆ. ಅದನ್ನು ಯಾರು ಕಟ್ಟಿದರು ಅಂತ ಹತ್ತು ವರ್ಷ ಯೋಚಿಸಿರಲಿಲ್ಲ. ಅವನು ಹೊಡೆಯುವ ದಿನ ಅದು ಅಲ್ಲಿ ಇರುತ್ತಲೇ ಇರಲಿಲ್ಲ. ಇಷ್ಟು ಸಣ್ಣ ಸಂಗತಿ ತಿಳಿಯಲು ನಾನು ಹಂಸಭಾವಿಯ ತನಕ ಹೋಗಬೇಕಾಯಿತು... ಅವನು ಹೋದ ಮೇಲೆ ಹೋಗಬೇಕಾಯಿತು.

ಊರಿಗೆ ಬಂದ ಮೇಲೆ ಒಂದು ಬದಲಾವಣೆ ಮಾಡಿದೆ. ಈಗ ನಮ್ಮಲ್ಲಿ ಎತ್ತಿಲ್ಲ, ಆದರೂ ಸೋಮವಾರ ಟ್ರ್ಯಾಕ್ಟರ್ ಶೆಡ್ಡಿನಿಂದ ಹೊರಗೆ ಬರುವುದಿಲ್ಲ. ಡ್ರೈವರಿಗೆ ಬೇರೆ ವಾರ ಬೇಕಿದ್ದರೆ ಅದೂ ಆಗಬಹುದು. "ಅಕ್ಕ ಟ್ರ್ಯಾಕ್ಟರಿಗೂ ಬಸವಣ್ಣನ ವಾರ ಮಾಡಿಟ್ಟಾಳ" ಎಂದು ಕಾಕಾನ ಮಕ್ಕಳು ನಗುತ್ತಾರೆ. ನಗಲಿ. ನಾನೂ ಆ ದಿನ ಕಟ್ಟೆಯ ಮೇಲೆ ಸುಮ್ಮನೆ ಕೂಡಲು ನೋಡುತ್ತೇನೆ. ಹತ್ತು ನಿಮಿಷಕ್ಕೆ ಎದ್ದುಬಿಡುತ್ತೇನೆ, ಏನಾದರೂ ಒಂದು ಕೆಲಸ ಕಣ್ಣಿಗೆ ಬೀಳುತ್ತದೆ. ಸುಮ್ಮನೆ ಕೂಡುವುದನ್ನು ಅವನಿಂದ ಕಲಿಯದೆ ಟ್ರ್ಯಾಕ್ಟರ್ ಒಂದನ್ನೇ ಕಲಿತೆ.

ಟ್ರಂಕು ತೆಗೆದ ಮಾರನೆಯ ದಿನ ಶಿಗ್ಗಾಂವಿಯ ಕಾಲೇಜಿನ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ರೈತ ಮಹಿಳೆಯರ ಬಗ್ಗೆ ಏನೋ ಬರೆಯಬೇಕಂತೆ. ಮೊಬೈಲು ಮುಂದಿಟ್ಟು, "ಮೊದಲ್ನೇ ಬಿತ್ತಿಗಿ ಯಾವ ಗಂಡಸಿನ ಸಹಾಯಾನೂ ಇಲ್ದ ಮಾಡಿದ್ರಂತ, ಖರೇ ಏನ್ರಿ?" ಎಂದು ಕೇಳಿದಳು. "ಹೂಂ" ಅಂದೆ. ಹಂಸಭಾವಿಗೆ ಹೋಗಿ ಬಂದ ಮೇಲೂ ಈ ಎಂಟು ವರ್ಷ ಯಾರು ಕೇಳಿದರೂ ಹೂಂ ಅನ್ನುತ್ತಲೇ ಬಂದಿದ್ದೇನೆ. ಆ ಹೆಸರಿನ ಮೇಲೆಯೇ ಊರಲ್ಲಿ ತಲೆ ಎತ್ತಿ ನಡೆದವಳು, ಅದನ್ನು ಬಿಡುವುದು ಸುಲಭವಿಲ್ಲ. ಹುಡುಗಿ ಹೋದಳು. ನನಗೆ ಊಟ ಸೇರಲಿಲ್ಲ. ಸಂಜೆ ಫೋನ್ ಮಾಡಿದೆ.

"ಅದನ್ನ ತಗದ ಹಾಕವ್ವ. ಒಬ್ಬಾವ ಕಲಿಸಿದ್ದ. ಹಿಂದಿನ ದಿನ ಎಲ್ಲಾ ತಯಾರ ಮಾಡಿ ಇಟ್ಟಿದ್ದ. ನಾ ಅವನ್ನ ಕೆಲಸದಿಂದ ತಗದೆ. ಅದನ್ನೂ ಬರಿ."

ಹುಡುಗಿ, "ಹಂಗ ಬರದ್ರ ನಿಮ್ಮ ಕಥಿ ಸಪ್ಪಗ ಆಗತೈತಿ ಅಲ್ರಿ ಅಕ್ಕಾರ?" ಅಂದಳು.

"ಆಗ್ಲಿ" ಅಂದೆ.

ಫೋನು ಇಟ್ಟ ಮೇಲೆ ಹಗುರಾಗಬೇಕಿತ್ತು, ಆಗಲಿಲ್ಲ. ಆ ಮಾತನ್ನು ಕೇಳಬೇಕಾದವನು ಒಬ್ಬನೇ ಇದ್ದ. ಅವನು ನಮ್ಮ ಕಟ್ಟೆಯ ಮೇಲೆ, ಕರೆದರೆ ಕೇಳುವಷ್ಟು ಹತ್ತಿರದಲ್ಲಿ, ಒಂದು ವರ್ಷದ ಐತವಾರಗಳನ್ನೆಲ್ಲ ಸುಮ್ಮನೆ ಕೂತು ಕಳೆದಿದ್ದ.